ಕಬ್ಬಿನ ಎರಡು ವೈರಿಗಳು: ಗೊಣ್ಣೆಹುಳು ಮತ್ತು ಸುಳಿಕೊರಕ

ಕೃಷ್ಣಾ-ಘಟಪ್ರಭೆಗಳ ನಡುವಣ ಚಿಮ್ಮಡದ ಪರಿಸರದಲ್ಲಿ ಕಬ್ಬು ಒಕ್ಕಲಿಗನ ಜೀವಾಳ. ಈ ಪೈರು ಒಣಗತೊಡಗಿದಾಗ 'ಹುಳು ಬಿದ್ದಿದೆ' ಎಂದಷ್ಟೇ ಹೇಳುವುದು ರೂಢಿ. ಆದರೆ ಯಾವ ಹುಳು, ಅದರ ವಾಸವೆಲ್ಲಿ ಎಂಬುದನ್ನರಿಯದೆ ಮಾಡಿದ ಉಪಚಾರವು ಹಣ, ಶ್ರಮಗಳೆರಡನ್ನೂ ವ್ಯರ್ಥಗೊಳಿಸುವುದು.

ಗೊಣ್ಣೆಹುಳುವಿನ ನೆಲೆ ಮಣ್ಣು. ಇದರ ಶಾಸ್ತ್ರೀಯ ನಾಮ ಹೊಲೊಟ್ರೈಕಿಯ ಸೆರ್ರಾಟಾ. ಮುಂಗಾರಿನ ಮೊದಲ ಮಳೆ ಬಿದ್ದೊಡನೆ ಇದರ ದುಂಬಿಗಳು ಮುಸ್ಸಂಜೆಯಲ್ಲಿ ನೆಲದಿಂದೆದ್ದು, ಬೇವು, ಜಾಲಿ ಮೊದಲಾದ ಮರಗಳ ಎಲೆಗಳನ್ನು ಮೇಯುತ್ತವೆ. ಬೆಳಗಾಗುವ ಮುನ್ನ ಮತ್ತೆ ಮಣ್ಣು ಸೇರಿ ಮೊಟ್ಟೆಯಿಡುತ್ತವೆ. ಮೊಟ್ಟೆಯೊಡೆದು ಬಂದ, ಬಾಗಿದ ಬಿಳಿಯ ಮರಿಹುಳು ಮಳೆಗಾಲವಿಡೀ ಬೇರು ತಿನ್ನುತ್ತದೆ. ವರ್ಷಕ್ಕೆ ಇದರದು ಒಂದೇ ಪೀಳಿಗೆ.

ಸುಳಿಕೊರಕವಾದರೋ ಒಂದು ಪತಂಗದ ಮರಿ. ಶಾಸ್ತ್ರೀಯ ನಾಮ ಕೈಲೊ ಇನ್ಫಸ್ಕಟೆಲ್ಲಸ್. ತಾಯಿಪತಂಗವು ಎಲೆಯ ಅಡಿಭಾಗದಲ್ಲಿ ಮೊಟ್ಟೆಯಿಡುತ್ತದೆ. ಮರಿಯು ಎಳೆಯ ಮೊಳಕೆಯ ಬುಡವನ್ನು ಕೊರೆದು ಒಳಹೊಗುತ್ತದೆ. ನಾಟಿಯಾದ ಮೊದಲ ಮೂರು ತಿಂಗಳುಗಳಲ್ಲಿ, ಅದರಲ್ಲಿಯೂ ಬಿಸಿಲು ಬಲಿತು ನೆಲ ಒಣಗಿದಾಗ, ಇದರ ಹಾವಳಿ ಅಧಿಕ. ವರ್ಷದಲ್ಲಿ ಹಲವು ಪೀಳಿಗೆಗಳು ಬೆಳೆಯುತ್ತವೆ.

ಇವೆರಡರ ಗುರುತು ಕಷ್ಟವಲ್ಲ. ನಡುವಿನ ಸುಳಿ ಮಾತ್ರ ಒಣಗಿ, ಎಳೆದೊಡನೆ ಕಿತ್ತುಬಂದು, ಅದರ ಬುಡ ಕೊಳೆತು ನಾರುತ್ತಿದ್ದರೆ ಅದು ಸುಳಿಕೊರಕದ ಕೆಲಸ. ಇಡೀ ಗಡ್ಡೆಯೇ ಹಳದಿಯಾಗಿ, ಅಲುಗಿಸಿದರೆ ಬೇರುಸಹಿತ ಸಡಿಲವಾಗಿ ಬಂದರೆ ಗೊಣ್ಣೆಹುಳುವನ್ನು ಮಣ್ಣಿನಲ್ಲಿ ಹುಡುಕಬೇಕು.

ನೆಲೆ ಬೇರೆಯಾದುದರಿಂದ ಉಪಾಯವೂ ಬೇರೆ. ಟ್ರೈಕೊಗ್ರಾಮ ಎಂಬ ಅತಿಸೂಕ್ಷ್ಮ ಕಣಜವು ಸುಳಿಕೊರಕದ ಮೊಟ್ಟೆಯೊಳಗೇ ತನ್ನ ಮೊಟ್ಟೆಯಿಟ್ಟು ಅದನ್ನು ನಾಶಗೊಳಿಸುತ್ತದೆ. ಆದರೆ ಮಣ್ಣಿನಲ್ಲಿ ಹುದುಗಿದ ಗೊಣ್ಣೆಹುಳುವಿನ ಮೊಟ್ಟೆಗೆ ಈ ಕಣಜದಿಂದ ಅಪಾಯವಿಲ್ಲ. ರವದಿಯ ಹೊದಿಕೆ, ಸಕಾಲದ ನೀರು, ಬುಡಕ್ಕೆ ಹಗುರಾಗಿ ಮಣ್ಣೇರಿಸುವುದು ಇವು ಕೂಡ ಸುಳಿಕೊರಕವನ್ನು ತಡೆಯುತ್ತವೆ. ಗೊಣ್ಣೆಹುಳುವಿಗೆ ತೇವವುಳ್ಳ ಮಣ್ಣಿನಲ್ಲಿ ಮೆಟರೈಜಿಯಂ ಶಿಲೀಂಧ್ರವನ್ನು ಬೆರೆಸುವುದುಂಟು; ಅದಕ್ಕೂ ಮಿಗಿಲಾದುದು, ಮೊದಲ ಮಳೆಯ ಸಂಜೆಗಳಲ್ಲಿ ಮರಗಳನ್ನು ಅಲುಗಿಸಿ ದುಂಬಿಗಳನ್ನು ಆರಿಸಿ ಕೊಲ್ಲುವುದು.

ದುಂಬಿಗೆ ಬದುವಿನ ಎಲ್ಲೆಯಿಲ್ಲ. ಒಬ್ಬನು ಆರಿಸಿ ನೆರೆಯವನು ಸುಮ್ಮನಿದ್ದರೆ ಫಲ ಅಲ್ಪ. ಮೊದಲ ಮಳೆಯ ಆ ಕೆಲವು ಸಂಜೆಗಳು ಕಳೆದರೆ ದುಂಬಿಗಳು ಮೊಟ್ಟೆಯಿಟ್ಟು ಮುಗಿಸಿರುತ್ತವೆ. ಬಳಿಕ ವೈರಿಯು ಬೇರಿನೊಡನೆ ನೆಲದಡಿಯಲ್ಲಿರುತ್ತದೆ. ಆದುದರಿಂದ ಊರಿಗೆ ಊರೇ ಕೂಡಿ ಆ ಸಂಜೆಗಳನ್ನು ಬಳಸಿಕೊಳ್ಳುವುದೇ ಈ ಅರಿವಿನ ಸಾರ್ಥಕ್ಯ.