ನಾಯಕತ್ವ ಪ್ರಬಂಧ: ‘ನಾವು ಮಾಡಿದೆವು’ ಎಂಬಲ್ಲಿ ಅರ್ಜಿದಾರರು ಎಲ್ಲಿದ್ದಾರೆ?

ಎಂಬಿಎ ಓದಲು ಹೆಸರಾಂತ ಬಿಸಿನೆಸ್ ಸ್ಕೂಲ್‌ಗಳಿಗೆ ಅರ್ಜಿ ಹಾಕುವ ಸಮಾಜದ ಯುವಕ ಯುವತಿಯರು ಜಿಮ್ಯಾಟ್ ಪರೀಕ್ಷೆಗೆ ತಿಂಗಳುಗಟ್ಟಲೆ ತಯಾರಿ ನಡೆಸಿ, ಪ್ರಬಂಧವನ್ನು ಕೊನೆಯ ವಾರಕ್ಕೆ ಬಿಟ್ಟುಕೊಳ್ಳುವುದುಂಟು. ಆದರೆ ಅಂಕಗಳು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುವಾಗ ಒಬ್ಬರನ್ನು ಇನ್ನೊಬ್ಬರಿಂದ ಬೇರೆ ಮಾಡಿ ತೋರಿಸುವುದು ಪ್ರಬಂಧ, ಶಿಫಾರಸು ಪತ್ರ ಮತ್ತು ಸಂದರ್ಶನ. ಇವುಗಳಲ್ಲಿ ನಾಯಕತ್ವದ ಪ್ರಬಂಧವೇ ನಮ್ಮ ಮನೆಗಳಲ್ಲಿ ಬೆಳೆದವರಿಗೆ ಹೆಚ್ಚು ಕಷ್ಟಕೊಡುವಂಥದ್ದು.

ಹಾರ್ವರ್ಡ್ ಬಿಸಿನೆಸ್ ಸ್ಕೂಲ್ 2024ರಲ್ಲಿ ತನ್ನ ಹಳೆಯ ಒಂದೇ ಮುಕ್ತ ಪ್ರಶ್ನೆಯನ್ನು ಬಿಟ್ಟು ಮೂರು ಚಿಕ್ಕ ಪ್ರಬಂಧಗಳನ್ನು ಕೇಳತೊಡಗಿತು. ಅವುಗಳಲ್ಲಿ ಒಂದು ನಾಯಕತ್ವದ್ದು, ಅದರ ಮಿತಿ 250 ಪದ. ಇತರರಿಗಾಗಿ ನಿಮ್ಮನ್ನು ಹೇಗೆ ತೊಡಗಿಸಿಕೊಳ್ಳುತ್ತೀರಿ, ಹೇಗೆ ಮುನ್ನಡೆಸುತ್ತೀರಿ, ಆ ರೀತಿಯನ್ನು ರೂಪಿಸಿದ ಅನುಭವಗಳು ಯಾವುವು ಎಂಬುದು ಪ್ರಶ್ನೆಯ ತಾತ್ಪರ್ಯ. ಸ್ಟ್ಯಾನ್‌ಫರ್ಡ್ ಬಹಳ ವರ್ಷಗಳಿಂದ ಅರ್ಜಿದಾರರಿಗೆ ಎಲ್ಲಕ್ಕಿಂತ ಮುಖ್ಯವಾದುದು ಯಾವುದು, ಏಕೆ ಎಂದು ಕೇಳುತ್ತ ಬಂದಿದೆ. ಭಾರತದಲ್ಲಿ ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್ ಕೂಡ ಅರ್ಜಿಯೊಂದಿಗೆ ಪ್ರಬಂಧ ಕೇಳುತ್ತದೆ. ಕ್ಯಾಟ್ ಮೂಲಕ ಐಐಎಂಗಳ ಎರಡು ವರ್ಷದ ಕೋರ್ಸಿಗೆ ಹೋಗುವವರಿಗೆ ಈ ಬಗೆಯ ಪ್ರಬಂಧದ ಕಾಟ ಅಷ್ಟಾಗಿ ಇಲ್ಲ. ಆದರೆ ಸಂದರ್ಶನದಲ್ಲಿ ಇದೇ ಪ್ರಶ್ನೆ ಬಾಯಿಮಾತಿನಲ್ಲಿ ಎದುರಾಗುತ್ತದೆ.

ಮೊದಲ ಕರಡುಗಳಲ್ಲಿ ಎರಡು ದೋಷಗಳು ಸಾಮಾನ್ಯ. ಒಂದು, ಪದವಿಗಳ ಪಟ್ಟಿ: ಯುವಕ ಮಂಡಳದ ಕಾರ್ಯದರ್ಶಿ, ಕಾಲೇಜು ಉತ್ಸವದ ಸಂಚಾಲಕ, ಕಂಪನಿಯಲ್ಲಿ ಟೀಮ್ ಲೀಡ್. ಇವೆಲ್ಲ ಬಯೋಡೇಟಾದಲ್ಲಿ ಆಗಲೇ ಇವೆ. ಎರಡನೆಯದು ಇನ್ನೂ ಸೂಕ್ಷ್ಮವಾದದ್ದು. ‘ನಾವು ಆಯೋಜಿಸಿದೆವು’, ‘ಎಲ್ಲರ ಸಹಕಾರದಿಂದ ಯಶಸ್ವಿಯಾಯಿತು’ ಎಂಬ ವಾಕ್ಯಗಳು. ಬಸದಿಯ ವಾರ್ಷಿಕೋತ್ಸವದ ವರದಿಗೆ ಇದು ಒಪ್ಪುತ್ತದೆ, ಪ್ರವೇಶ ಸಮಿತಿಗೆ ಏನನ್ನೂ ತಿಳಿಸುವುದಿಲ್ಲ. ಹೀಗೆ ಬರೆಯುವುದರ ಹಿಂದೆ ಸೋಮಾರಿತನವೇನೂ ಇಲ್ಲ. ಮಾನ ಕಷಾಯವನ್ನು ಗೆಲ್ಲಬೇಕು, ತಾನು ಮಾಡಿದ್ದನ್ನು ತಾನೇ ಹೇಳಿಕೊಳ್ಳಬಾರದು ಎಂಬುದನ್ನು ಕೇಳುತ್ತಲೇ ಬೆಳೆದವರಿಗೆ ‘ನಾನು’ ಎಂದು ಬರೆಯಲು ಕೈ ಬರುವುದಿಲ್ಲ. ಆಗ ಯಾರೋ ಸಲಹೆಗಾರರು ‘ಸ್ವಲ್ಪ ಉಬ್ಬಿಸಿ ಬರೆಯಿರಿ’ ಎನ್ನುತ್ತಾರೆ. ಸಂಕೋಚದಿಂದ ಹಿಂದೆ ಸರಿದಿದ್ದ ಅದೇ ಕೈ ಈಗ ಹತ್ತು ಜನರ ಕೆಲಸವನ್ನು ಒಬ್ಬರ ಹೆಸರಿಗೆ ಬರೆಯುತ್ತದೆ. ಅಡಗಿಸುವುದೂ ಉಬ್ಬಿಸುವುದೂ ಎರಡೂ ನಿಜಕ್ಕೆ ದೂರ.

ಇದಕ್ಕೊಂದು ಸಾಧನ ನಮ್ಮ ಗ್ರಂಥಗಳಲ್ಲೇ ಇದೆ. ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ಆಸ್ರವವನ್ನು ವಿವರಿಸುವಾಗ ಜೀವದ ಕ್ರಿಯೆಯನ್ನು ವಿಂಗಡಿಸುತ್ತದೆ. ಸಂರಂಭ, ಸಮಾರಂಭ, ಆರಂಭ ಎಂದು ಮೂರು ಹಂತ, ಮನ, ವಚನ, ಕಾಯ ಎಂದು ಮೂರು, ಕೃತ, ಕಾರಿತ, ಅನುಮತ ಎಂದು ಮೂರು, ಕಷಾಯಗಳು ನಾಲ್ಕು. ಗುಣಿಸಿದರೆ 108. ಜಪಮಾಲೆಯ 108 ಮಣಿಗಳಿಗೆ ಇದನ್ನೇ ಕಾರಣವಾಗಿ ಹೇಳುವುದುಂಟು. ಸೂತ್ರದ ಉದ್ದೇಶ ಕರ್ಮದ ಲೆಕ್ಕವೇ ಹೊರತು ಕಾಲೇಜು ಪ್ರವೇಶವಲ್ಲ, ನಿಜ. ಆದರೂ ನಡೆದ ಒಂದು ಕೆಲಸದಲ್ಲಿ ತನ್ನ ಪಾಲು ಎಷ್ಟು ಎಂದು ಪ್ರಾಮಾಣಿಕವಾಗಿ ಅಳೆಯಲು ಇದಕ್ಕಿಂತ ಸರಳವಾದ ವಿಂಗಡಣೆ ಸಿಗುವುದು ಕಷ್ಟ. ತಾನೇ ಮಾಡಿದ್ದು ಕೃತ. ಇತರರಿಂದ ಮಾಡಿಸಿದ್ದು ಕಾರಿತ. ಇತರರು ಮಾಡಿದ್ದನ್ನು ಒಪ್ಪಿದ್ದು ಅನುಮತ. ನಾಯಕತ್ವದ ಪ್ರಬಂಧಕ್ಕೆ ಬೇಕಾದದ್ದು ಮುಖ್ಯವಾಗಿ ಕಾರಿತ. ಅನುಮತವನ್ನು ಕೃತ ಎಂದು ಬರೆದರೆ ಅದು ಸುಳ್ಳು.

ಹಂತಗಳೂ ಅಷ್ಟೇ ಉಪಯುಕ್ತ. ಇಂದಿನ ಕನ್ನಡದಲ್ಲಿ ಸಮಾರಂಭ ಎಂದರೆ ವೇದಿಕೆ, ಹಾರ, ಭಾಷಣ. ಸೂತ್ರದಲ್ಲಿ ಅದು ಸಾಧನಗಳನ್ನು ಒಟ್ಟುಗೂಡಿಸುವ ಹಂತ. ಅದಕ್ಕೂ ಮೊದಲಿನ ಸಂರಂಭ ಎಂದರೆ ಮಾಡಬೇಕೆಂಬ ಸಂಕಲ್ಪ. ಹೆಚ್ಚಿನ ಪ್ರಬಂಧಗಳು ಕಾರ್ಯಕ್ರಮದ ದಿನವನ್ನು ವರ್ಣಿಸಿ ಮುಗಿಯುತ್ತವೆ. ಓದುವವರಿಗೆ ಬೇಕಾಗಿರುವುದು ಮೊದಲಿನ ಎರಡು ಹಂತ: ಆ ನಿರ್ಧಾರ ಏಕೆ ಮೂಡಿತು, ಯಾರು ಬೇಡವೆಂದರು, ಅವರನ್ನು ಒಪ್ಪಿಸಿದ್ದು ಹೇಗೆ.

ಒಂದು ಕಾಲ್ಪನಿಕ ಉದಾಹರಣೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ಯುವತಿಯೊಬ್ಬಳು ಸಮಾಜದ ವಸತಿನಿಲಯದಲ್ಲಿದ್ದಾಳೆ. ಅಲ್ಲಿ ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಯುತ್ತದೆ. ನವೆಂಬರ್‌ನಲ್ಲಿ ಆರು ಗಂಟೆಗೆ ಮೊದಲೇ ಸೂರ್ಯ ಮುಳುಗುವ ಊರಿನಲ್ಲಿ ಆಫೀಸಿನಿಂದ ಬರುವವರಿಗೆ ಊಟ ಇಲ್ಲ. ಕೆಲವರು ಹಸಿದು ಮಲಗುತ್ತಾರೆ, ಕೆಲವರು ಹೊರಗೆ ತಿಂದು ಬಂದು ಮೌನವಾಗಿರುತ್ತಾರೆ. ಅವಳ ಮೊದಲ ಕರಡು ಹೀಗಿತ್ತು ಎನ್ನೋಣ: ‘ವಸತಿನಿಲಯದ ಸಮಿತಿಯ ಸದಸ್ಯೆಯಾಗಿ ನಾವು ಊಟದ ಸಮಸ್ಯೆಯನ್ನು ಗುರುತಿಸಿ, ಆಡಳಿತ ಮಂಡಳಿಯೊಂದಿಗೆ ಚರ್ಚಿಸಿ, ಸಂಜೆಯ ಬುತ್ತಿಯ ವ್ಯವಸ್ಥೆ ಜಾರಿಗೆ ತಂದೆವು. ಇದರಿಂದ ನನ್ನ ಸಂವಹನ ಕೌಶಲ ಮತ್ತು ತಂಡದ ಮನೋಭಾವ ಬೆಳೆಯಿತು.’

ಕೃತ, ಕಾರಿತ, ಅನುಮತ ಎಂದು ಮೂರು ಅಂಕಣ ಹಾಕಿ ನೆನಪಿಸಿಕೊಂಡಾಗ ಬೇರೆಯೇ ಕಥೆ ಹೊರಬರುತ್ತದೆ. ಬುತ್ತಿಯ ಯೋಚನೆ ಅವಳದ್ದಲ್ಲ, ಕೊಠಡಿಯ ಗೆಳತಿಯದ್ದು, ಅದು ಅನುಮತ. ಊಟದ ಸಮಯ ಬದಲಿಸಿ ಎಂದು ಅವಳು ಸಹಿ ಸಂಗ್ರಹಿಸಿದ್ದು ಕೃತ, ಅದು ವಿಫಲವಾಯಿತು. ನಿಯಮ ಸಡಿಲಿಸಲು ಹಿರಿಯರು ಒಪ್ಪಲಿಲ್ಲ. ನಿಯಮವನ್ನು ಮುಟ್ಟದೆ, ಬೆಳಗ್ಗೆಯೇ ಚಪಾತಿ ಪಲ್ಯದ ಬುತ್ತಿ ಕಟ್ಟಿ ಆಫೀಸಿನಲ್ಲಿ ಐದೂವರೆಗೆ ತಿನ್ನಬಹುದು ಎಂದಾಗ ಹಿರಿಯರು ಸಂತೋಷದಿಂದ ಒಪ್ಪಿದರು, ಅಡುಗೆಯವರು ಒಪ್ಪಲಿಲ್ಲ. ಅವರ ಕೆಲಸ ನಸುಕಿನ ಐದಕ್ಕೇ ಶುರುವಾಗುತ್ತಿತ್ತು. ಇಷ್ಟು ದಿನ ಅದನ್ನು ಯಾರೂ ಕೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಆಗ ನಿವಾಸಿಗಳೇ ದಿನಕ್ಕೆ ಇಬ್ಬರಂತೆ ಚಪಾತಿ ಲಟ್ಟಿಸುವ ಸರದಿಯನ್ನು ಅವಳು ಒಪ್ಪಿಸಿದಳು. ಮೂರನೆಯ ವಾರ ಸರದಿ ಮುರಿದುಬಿತ್ತು, ರಾತ್ರಿ ಪಾಳಿಯವರನ್ನೂ ಬೆಳಗಿನ ಸರದಿಗೆ ಹಾಕಿದ್ದಳು. ಪಟ್ಟಿ ಬದಲಾಯಿತು. 34 ನಿವಾಸಿಗಳಲ್ಲಿ 21 ಜನ ಬುತ್ತಿ ಒಯ್ಯತೊಡಗಿದರು.

ಈ ಎರಡನೆಯ ಕಥೆಯಲ್ಲಿ ಅವಳು ಮೊದಲಿಗಿಂತ ಕಡಿಮೆ ದೊಡ್ಡವಳಾಗಿ ಕಾಣುತ್ತಾಳೆ, ಹೆಚ್ಚು ನಂಬಿಕೆಗೆ ಅರ್ಹಳಾಗಿ ಕಾಣುತ್ತಾಳೆ. ಯೋಚನೆಯನ್ನು ಗೆಳತಿಗೆ ಬಿಟ್ಟುಕೊಟ್ಟದ್ದರಿಂದ ಅವಳಿಗೆ ನಷ್ಟವೇನೂ ಆಗಿಲ್ಲ. ಇತರರನ್ನು ನಸುಕಿನಲ್ಲಿ ಏಳಿಸಿದ್ದು ಅವಳೇ ಎಂಬುದು ಸ್ಪಷ್ಟವಾಗಿದೆ. ‘ಸಂವಹನ ಕೌಶಲ’ ಎಂಬ ಪದ ಬೇಕಾಗಲೇ ಇಲ್ಲ. 250 ಪದಗಳಲ್ಲಿ ಇಷ್ಟೆಲ್ಲ ಹಿಡಿಯುವುದಿಲ್ಲವಾದ್ದರಿಂದ ಸಹಿ ಸಂಗ್ರಹದ ಪ್ರಸಂಗವನ್ನು ಒಂದು ವಾಕ್ಯಕ್ಕಿಳಿಸಿ, ಅಡುಗೆಯವರೊಂದಿಗಿನ ಮಾತಿಗೆ ಜಾಗ ಕೊಡುವುದು ಒಳ್ಳೆಯದು. ಅವಳು ಬದಲಾದದ್ದು ಅಲ್ಲಿ.

ಧರ್ಮದ ಪದಗಳನ್ನು ಎಷ್ಟು ಬಳಸಬೇಕು ಎಂಬ ಅಳುಕು ಹಲವರಿಗಿದೆ. ಬೋಸ್ಟನ್ನಿನಲ್ಲಿ ಕುಳಿತು ಓದುವವರಿಗೆ ಚಾತುರ್ಮಾಸ, ಬಸದಿ ಗೊತ್ತಿರಬೇಕೆಂದಿಲ್ಲ. ‘ಸೂರ್ಯಾಸ್ತದ ನಂತರ ಉಣ್ಣದ ಜೈನ ಕುಟುಂಬ’ ಎಂಬ ಅರ್ಧ ವಾಕ್ಯ ಸಾಕು. ಅನೇಕಾಂತವಾದವನ್ನು ಅರವತ್ತು ಪದಗಳಲ್ಲಿ ವಿವರಿಸಿ, ತಾನು ಅದನ್ನು ಪಾಲಿಸುವುದಾಗಿ ಹೇಳಿಕೊಳ್ಳುವ ಪ್ರಬಂಧಕ್ಕಿಂತ, ಎದುರಿನವರ ಮಾತು ಕೇಳಿ ತನ್ನ ಯೋಜನೆ ಬದಲಿಸಿದ ಒಂದು ಸಂಜೆಯನ್ನು ಹೇಳುವ ಪ್ರಬಂಧ ಆ ತತ್ತ್ವಕ್ಕೆ ಹತ್ತಿರ. ಹಾಗೆಂದು ಧರ್ಮವನ್ನು ಮುಚ್ಚಿಡುವ ಅಗತ್ಯವೂ ಇಲ್ಲ.

ಶಿಫಾರಸು ಪತ್ರ ಬರೆಯುವವರಿಗೂ ಪ್ರಬಂಧ ಯಾವ ಪ್ರಸಂಗದ ಬಗ್ಗೆ ಎಂದು ತಿಳಿದಿರಬೇಕು. ಹಲವು ವಿದ್ಯಾಲಯಗಳು ಬಳಸುವ ಸಾಮಾನ್ಯ ಶಿಫಾರಸು ನಮೂನೆಯಲ್ಲಿ, ಅರ್ಜಿದಾರರಿಗೆ ನೀವು ಕೊಟ್ಟ ಮುಖ್ಯ ತಿದ್ದುಪಡಿಯ ಸಲಹೆ ಯಾವುದು, ಅದಕ್ಕೆ ಅವರು ಹೇಗೆ ಸ್ಪಂದಿಸಿದರು ಎಂಬ ಪ್ರಶ್ನೆ ಇದೆ. ಪ್ರಬಂಧದಲ್ಲಿ ತಪ್ಪೇ ಇಲ್ಲದ ವ್ಯಕ್ತಿ, ಪತ್ರದಲ್ಲಿ ತಿದ್ದಿಸಿಕೊಂಡ ವ್ಯಕ್ತಿ ಕಂಡರೆ ಓದುವವರು ಪತ್ರವನ್ನೇ ನಂಬುತ್ತಾರೆ. ಪ್ರತಿಕ್ರಮಣದಲ್ಲಿ ತನ್ನ ದೋಷವನ್ನು ತಾನೇ ಹೆಸರಿಸಿ ಅಭ್ಯಾಸವಿರುವವರಿಗೆ ಈ ಭಾಗ ಇತರರಿಗಿಂತ ಸುಲಭವಾಗಬೇಕು. ಪ್ರವೇಶ ಸಿಕ್ಕ ಮೇಲೆ ಅರ್ಜಿಯ ವಿವರಗಳನ್ನು ಹೊರಗಿನ ಸಂಸ್ಥೆಯಿಂದ ಪರಿಶೀಲಿಸುವ ಪದ್ಧತಿಯೂ ಹಲವು ಕಡೆ ಇದೆ.

ದಿನಾಂಕದ ಒಂದು ಮಾತು. ಅಮೆರಿಕದ ಪ್ರಮುಖ ವಿದ್ಯಾಲಯಗಳ ಮೊದಲ ಸುತ್ತಿನ ಗಡುವು ಸೆಪ್ಟೆಂಬರ್ ತಿಂಗಳಲ್ಲಿ, ಎರಡನೆಯದು ಜನವರಿಯ ಮೊದಲ ವಾರಗಳಲ್ಲಿ ಬರುತ್ತದೆ. ಮೊದಲ ಸುತ್ತು ಹೆಚ್ಚಿನ ವರ್ಷಗಳಲ್ಲಿ ದಶಲಕ್ಷಣ ಪರ್ವದ ಆಸುಪಾಸಿಗೇ ಬೀಳುತ್ತದೆ. ಉಪವಾಸ, ಪೂಜೆಗಳ ನಡುವೆ ರಾತ್ರಿ ಕುಳಿತು ಬರೆಯುವ ಬದಲು ಜೂನ್‌ನಲ್ಲಿ ಮೂರು ಅಂಕಣದ ಪಟ್ಟಿ, ಜುಲೈನಲ್ಲಿ ಕರಡು ಎಂದಿಟ್ಟುಕೊಂಡರೆ ಆಗಸ್ಟ್ ತಿಂಗಳು ತಿದ್ದುವುದಕ್ಕೆ ಉಳಿಯುತ್ತದೆ. ತಿದ್ದಿದ ಪ್ರತಿಯನ್ನು ಇಂಗ್ಲಿಷ್ ಚೆನ್ನಾಗಿ ಬಲ್ಲ ಒಬ್ಬರಿಗೆ ತೋರಿಸಬೇಕು. ಅದಕ್ಕೂ ಮೊದಲು ಆ ಪ್ರಸಂಗದಲ್ಲಿ ಜೊತೆಗಿದ್ದ ಒಬ್ಬರಿಗೆ, ಅಗತ್ಯಬಿದ್ದರೆ ಕನ್ನಡದಲ್ಲೇ ಓದಿ ಹೇಳಿ, ನಡೆದದ್ದು ಹೀಗೆಯೇ ತಾನೇ ಎಂದು ಕೇಳಬೇಕು.