ಹತ್ತು ಗ್ರಾಂ ಗುಂಡಿಗೆ ಹದಿನಾರು ಕ್ವಿಂಟಲ್ ನೂಕು

ಪಾಯಿಂಟ್ 357 ಮ್ಯಾಗ್ನಮ್ ತೋಟಾದಲ್ಲಿ ಹೆಚ್ಚಾಗಿ ಬಳಸುವ ಗುಂಡಿನ ತೂಕ 158 ಗ್ರೇನ್, ಅಂದರೆ ಹತ್ತು ಗ್ರಾಂ ಚಿಲ್ಲರೆ. ಈಡು ಹಾರುವಾಗ ಅದರ ಬೆನ್ನಿಗೆ ಬೀಳುವ ಒತ್ತಡ ಚದರ ಇಂಚಿಗೆ 35,000 ಪೌಂಡ್‌ವರೆಗೂ ಹೋಗಬಹುದು. ಅಮೆರಿಕದ ತಯಾರಕರ ಸಂಸ್ಥೆ ‘ಸಾಮಿ’ ಗೊತ್ತುಮಾಡಿರುವ ಗರಿಷ್ಠ ಮಿತಿ ಅದು. ನಾವು ಉಸಿರಾಡುವ ಗಾಳಿಯ ಒತ್ತಡಕ್ಕಿಂತ ಸುಮಾರು 2,400 ಪಟ್ಟು; ಮರಿಯಾನ ಕಂದಕದ ತಳದಲ್ಲಿ ಇಡೀ ಸಾಗರ ಹೇರುವ ಒತ್ತಡದ ಎರಡು ಪಟ್ಟಿಗೂ ಹೆಚ್ಚು. ಗುಂಡಿನ ಹಿಂಬದಿಯ ಅಳತೆಗೆ ಲೆಕ್ಕ ಹಾಕಿದರೆ ಹದಿನಾರು ಕ್ವಿಂಟಲ್ ನೂಕು. ಹತ್ತು ಗ್ರಾಂ ವಸ್ತುವಿಗೆ!

ಅಮೆರಿಕದಲ್ಲಿ ಇಂಥ ತೋಟಾಗಳನ್ನು ಹವ್ಯಾಸಿಗಳು ಮನೆಯ ಮೇಜಿನ ಮೇಲೆ ಕೈಯಾರೆ ತುಂಬಿಕೊಳ್ಳುತ್ತಾರೆ. ಸ್ವಂತ ಬಳಕೆಗೆ ಅಲ್ಲಿ ಫೆಡರಲ್ ಪರವಾನಗಿ ಬೇಕಿಲ್ಲ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ತೋಟಾ ತಯಾರಿಸುವುದು ಅಪರಾಧ. ಹಾರಿಸಿ ಉಳಿದ ಹಿತ್ತಾಳೆ ಕೇಸಿಗೆ ಅಮೆರಿಕದ ಹವ್ಯಾಸಿಗಳು ಮದ್ದಿಗೆ ಕಿಡಿ ಹೊತ್ತಿಸುವ ಹೊಸ ಪ್ರೈಮರ್ ಕೂರಿಸಿ, ಮದ್ದು ಹಾಕಿ, ಗುಂಡು ಒತ್ತುತ್ತಾರೆ. ಒಂದು ಪೌಂಡಿಗೆ 7,000 ಗ್ರೇನ್. ಅವರ ತಕ್ಕಡಿ ಗ್ರೇನಿನ ಹತ್ತನೇ ಒಂದು ಭಾಗವನ್ನೂ ತೋರಿಸುತ್ತದೆ: ಆರೂವರೆ ಮಿಲಿಗ್ರಾಂ, ಎರಡು ಎಳ್ಳುಕಾಳಿನಷ್ಟು. ಮಿತಿಯ ಹತ್ತಿರ ಬಂದಾಗ ಆ ಎರಡು ಎಳ್ಳುಕಾಳೂ ಲೆಕ್ಕಕ್ಕೆ ಬರುತ್ತವೆ.

ಅಪಾಯ ಇರುವುದು ಕೇಸಿನ ಖಾಲಿ ಜಾಗದಲ್ಲಿ. ಮ್ಯಾಗ್ನಮ್ಮಿನ ತಾಯಿಬೇರು ಪಾಯಿಂಟ್ 38 ಸ್ಪೆಷಲ್, ಅದು ಕರಿಮದ್ದಿನ ಕಾಲದ ದೊಡ್ಡ ಕೇಸು. ಇಂದಿನ ಹೊಗೆರಹಿತ ಮದ್ದುಗಳಲ್ಲಿ ಕೆಲವು ಅದರ ತಳದಲ್ಲೇ ಮುಗಿದುಹೋಗುತ್ತವೆ. ಮರೆತು ಎರಡು ಸಲ ಸುರಿದರೂ ಹೊರಚೆಲ್ಲುವುದಿಲ್ಲ. ಅದಕ್ಕೇ ಗುಂಡು ಕೂರಿಸುವ ಮೊದಲು ಪ್ರತಿಯೊಂದು ಕೇಸಿನೊಳಗೂ ದೀಪ ಹಿಡಿದು ನೋಡಬೇಕು. 1935ರಲ್ಲಿ ಸ್ಮಿತ್ ಅಂಡ್ ವೆಸನ್ ಈ ಮ್ಯಾಗ್ನಮ್ ತಂದಾಗ ಕೇಸನ್ನು ಸುಮಾರು 3.4 ಮಿಲಿಮೀಟರ್ ಉದ್ದ ಮಾಡಿತು. 17,000 ಪೌಂಡ್ ಮಿತಿಯ ಹಳೆಯ ರಿವಾಲ್ವರಿನೊಳಗೆ ಹೊಸ ತೋಟಾ ಹೋಗಬಾರದೆಂದೇ ಈ ಏರ್ಪಾಡು. ಎಷ್ಟೋ ಕೈಗಳನ್ನು ಉಳಿಸಿರಬೇಕು ಆ ಮೂರು ಚಿಲ್ಲರೆ ಮಿಲಿಮೀಟರ್!

ತುಂಬಿದ ತೋಟಾಗಳ ಪರೀಕ್ಷೆಗೆ ಬೇಕಾದ ಮುಖ್ಯ ಸಾಧನ ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್. ಎರಡು ಬೆಳಕಿನ ಕಣ್ಣುಗಳು, ನಡುವೆ ಎರಡಡಿ ಅಂತರ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 1,240 ಅಡಿ ವೇಗದ ಗುಂಡು ಅವನ್ನು ದಾಟಲು 1.6 ಮಿಲಿಸೆಕೆಂಡ್ ಸಾಕು. ವೇಗ 1,230ಕ್ಕೆ ಇಳಿದರೆ ವ್ಯತ್ಯಾಸ ಸೆಕೆಂಡಿನ ಹತ್ತು ಲಕ್ಷದಲ್ಲಿ 13 ಭಾಗ. ಹವ್ಯಾಸಿಯೊಬ್ಬ ಮೈದಾನದಲ್ಲಿ ನಿಂತು ಇಷ್ಟು ಸಣ್ಣ ಕಾಲವನ್ನು ಅಳೆಯುತ್ತಾನಲ್ಲ, ನನಗೆ ಈ ಇಡೀ ಕೆಲಸದಲ್ಲಿ ಅತಿ ಸೋಜಿಗದ ಸಂಗತಿ ಇದೇ. ಅನುಭವಸ್ಥರು ರಿವಾಲ್ವರನ್ನು ಒಮ್ಮೆ ಮೇಲಕ್ಕೆತ್ತಿ ನಿಧಾನವಾಗಿ ಗುರಿಗೆ ತರುತ್ತಾರೆ, ಇನ್ನೊಮ್ಮೆ ಕೆಳಗೆ ಬಾಗಿಸಿ ತರುತ್ತಾರೆ. ಮದ್ದು ಪ್ರೈಮರಿನ ಬಳಿ ಬಿದ್ದಿದೆಯೋ ಗುಂಡಿನ ಬಳಿಯೋ ಎಂಬುದರ ಮೇಲೆ ವೇಗ ಹತ್ತಾರು ಅಡಿ ಏರುಪೇರಾಗಬಹುದು.

ಅದೇ ತೋಟಾ ಗಿಡ್ಡ ರೈಫಲ್ಲಾದ ಕಾರ್ಬೈನಿಗೆ ಹೋದಾಗ ಅಂಕಿಗಳು ಜಿಗಿಯುತ್ತವೆ. ನಾಲ್ಕಿಂಚಿನ ರಿವಾಲ್ವರಿನಲ್ಲಿ ಸುಮಾರು 1,235 ಅಡಿ ವೇಗ, 720 ಜೂಲ್ ಶಕ್ತಿ. ಗುಂಡು ನಳಿಕೆ ಬಿಡುವುದು ಅರ್ಧ ಮಿಲಿಸೆಕೆಂಡಿನ ಆಸುಪಾಸಿನಲ್ಲಿ. ಆ ಕ್ಷಣದ ಮಟ್ಟಿಗೆ ಅಂಗೈಯಲ್ಲಿ 1,500 ಅಶ್ವಶಕ್ತಿಗೂ ಮೀರಿದ ಎಂಜಿನ್. ಆದರೂ ಸಿಲಿಂಡರಿಗೂ ನಳಿಕೆಗೂ ನಡುವಿನ ಸಂದಿಯಲ್ಲಿ ಅನಿಲ ಸೋರುತ್ತದೆ, ನಿಧಾನಕ್ಕೆ ಉರಿಯುವ ಮದ್ದು ಮೂತಿಯಾಚೆ ಬೆಂಕಿಯಾಗಿ ಹಾಳಾಗುತ್ತದೆ. ಹದಿನೆಂಟು ಇಂಚಿನ ಕಾರ್ಬೈನಿನಲ್ಲಿ ಸಂದಿಯಿಲ್ಲ, ಉರಿಯಲು ಸಮಯವಿದೆ. ಸೂಕ್ತ ಮದ್ದಿದ್ದರೆ ವೇಗ 1,800 ಅಡಿಗೆ ಮುಟ್ಟುತ್ತದೆ, ಶಕ್ತಿ 1,500 ಜೂಲ್ ದಾಟುತ್ತದೆ. ಮಾರ್ಲಿನ್ 1894 ಕಾರ್ಬೈನಿನ ನಳಿಕೆಯ ತಿರುವು ಹದಿನಾರು ಇಂಚಿಗೆ ಒಂದು ಸುತ್ತು. ಆ ವೇಗದಲ್ಲಿ ಗುಂಡು ಸುತ್ತುವುದು ಸೆಕೆಂಡಿಗೆ 1,350 ಬಾರಿ, ನಿಮಿಷಕ್ಕೆ 81,000.

ಎರಡರ ಕಾಟವೂ ಬೇರೆ ಬೇರೆ. ರಿವಾಲ್ವರಿನ ಪ್ರತಿ ಒದೆತಕ್ಕೆ ಸಿಲಿಂಡರಿನಲ್ಲಿ ಕಾದಿರುವ ತೋಟಾಗಳ ಗುಂಡು ಮುಂದಕ್ಕೆ ಜರುಗಲು ನೋಡುತ್ತದೆ. ಆರನೆಯದು ಐದು ಒದೆತ ತಿಂದಿರುತ್ತದೆ. ಅದನ್ನು ಹಾರಿಸದೆ ಹೊರತೆಗೆದು ಕ್ಯಾಲಿಪರಿನಲ್ಲಿ ಉದ್ದ ಅಳೆಯುತ್ತಾರೆ. ಗುಂಡು ಜಾಸ್ತಿ ಜರುಗಿದ್ದರೆ ಸಿಲಿಂಡರೇ ಸಿಕ್ಕಿಕೊಳ್ಳುತ್ತದೆ. ಕಾರ್ಬೈನಿನ ಕೊಳವೆ ಮ್ಯಾಗಜೀನಿನಲ್ಲಿ ತೋಟಾಗಳು ಒಂದರ ಹಿಂದೊಂದು ನಿಲ್ಲುತ್ತವೆ, ಸ್ಪ್ರಿಂಗು ಗುಂಡನ್ನು ಕೇಸಿನೊಳಕ್ಕೆ ಒತ್ತುತ್ತಿರುತ್ತದೆ. ಒಂದರ ಮೂತಿ ಇನ್ನೊಂದರ ಪ್ರೈಮರಿಗೆ ತಾಗಿರುವುದರಿಂದ ಚೂಪು ಮೂತಿಯ ಗಟ್ಟಿ ಗುಂಡು ಅಲ್ಲಿ ಸಲ್ಲದು.

ಕ್ರೋನೋಗ್ರಾಫ್ ವೇಗವನ್ನು ಹೇಳುತ್ತದೆ, ಒತ್ತಡವನ್ನಲ್ಲ. ಒತ್ತಡ ಅಳೆಯಲು ಪ್ರಯೋಗಾಲಯದ ಸಂವೇದಕ ಬೇಕು. ಚಪ್ಪಟೆಯಾದ ಪ್ರೈಮರ್, ಸಿಲಿಂಡರಿಗೆ ಅಂಟಿಕೊಂಡ ಕೇಸು ಇವೆಲ್ಲ ತಡವಾಗಿ ಬರುವ ಎಚ್ಚರಿಕೆಗಳು. ಹಾಗಾಗಿ ತೋಟಾ ತುಂಬುವ ಕೈಪಿಡಿಯಲ್ಲಿ ಅಳೆದು ಅಚ್ಚುಹಾಕಿದ ಮದ್ದಿನ ಗರಿಷ್ಠ ಪ್ರಮಾಣವೇ ಕೊನೆಯ ಗೆರೆ. ಕಾರ್ಬೈನ್ ಗಟ್ಟಿಯಿದೆಯೆಂದು ಅದನ್ನು ದಾಟಬಾರದು. ಆ ತೋಟಾ ಪಕ್ಕದ ರಿವಾಲ್ವರಿನೊಳಗೂ ಸರಾಗವಾಗಿ ಇಳಿಯುತ್ತದೆ.