ಎರೆ ನೆಲದ ದಾರಿಗೆ ಎಂಥ ಕಾರು?

ಕುಟುಂಬಕ್ಕೆ ಕಾರು ಕೊಳ್ಳುವಾಗ ಬೆಲೆ, ಮೈಲೇಜು, ಆಸನ, ಬಣ್ಣಗಳ ಬಗ್ಗೆ ನಡೆಯುವಷ್ಟು ಚರ್ಚೆ ಎಂಜಿನ್ನಿನ ಬಲ ಯಾವ ಚಕ್ರಗಳಿಗೆ ತಲುಪುತ್ತದೆ ಎಂಬುದರ ಬಗ್ಗೆ ನಡೆಯುವುದಿಲ್ಲ. ಡಾಂಬರು ರಸ್ತೆಯ ಮೇಲೆಯೇ ಓಡುವ ನಗರದ ಕಾರಿನ ಮಟ್ಟಿಗೆ ಇದರಿಂದ ಹೆಚ್ಚಿನ ನಷ್ಟವಿಲ್ಲ. ಆದರೆ ಯಾದಗಿರಿ ತಾಲ್ಲೂಕಿನ ರಾಮಸಮುದ್ರದಿಂದ ಹಿಡಿದು ಭೀಮಾ ನದಿಯಾಚೆಯ ಶಹಾಪುರ, ಸುರಪುರಗಳವರೆಗಿನ ಸೀಮೆಯಲ್ಲಿ, ಒಂದೇ ದಿನದ ಪ್ರಯಾಣದಲ್ಲಿ ಹೆದ್ದಾರಿಯೂ ಹಳ್ಳಿಯ ರಸ್ತೆಯೂ ಹೊಲದ ದಾರಿಯೂ ಎದುರಾಗುವ ಕಡೆ, ಮುಂದಿನ ಎರಡು ಚಕ್ರಗಳ ಚಾಲನೆ ಸಾಕೇ, ನಾಲ್ಕೂ ಚಕ್ರಗಳ ಚಾಲನೆ ಬೇಕೇ ಎಂಬ ಪ್ರಶ್ನೆಗೆ ನಿಜವಾದ ಅರ್ಥ ಬರುತ್ತದೆ.

ಎರಡು ಏರ್ಪಾಡುಗಳು

ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಕಾರುಗಳಲ್ಲಿ ಎಂಜಿನ್ ಮುಂದಿದ್ದರೂ ಅದರ ಬಲ ಕಾರಿನ ಅಡಿಯಲ್ಲಿ ಹಾದುಹೋಗುವ ಉದ್ದನೆಯ ದಂಡದ ಮೂಲಕ ಹಿಂದಿನ ಚಕ್ರಗಳನ್ನು ತಿರುಗಿಸುತ್ತಿತ್ತು. ಬ್ರಿಟನ್ನಿನಲ್ಲಿ ಅಲೆಕ್ ಇಸಿಗೋನಿಸ್ ವಿನ್ಯಾಸಗೊಳಿಸಿ 1959ರಲ್ಲಿ ಹೊರಬಂದ ಮಿನಿ ಕಾರು ಎಂಜಿನ್ನನ್ನು ಅಡ್ಡಲಾಗಿ ಕೂರಿಸಿ ಮುಂದಿನ ಚಕ್ರಗಳನ್ನೇ ತಿರುಗಿಸುವ ಕ್ರಮವನ್ನು ಜನಪ್ರಿಯಗೊಳಿಸಿತು. ಭಾರತದಲ್ಲಿ ಅದನ್ನು ಮನೆಮನೆಗೆ ತಂದದ್ದು 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800. ಫ್ರಂಟ್ ವೀಲ್ ಡ್ರೈವ್ ಎನ್ನುವ ಈ ಮುಂಚಕ್ರ ಚಾಲನೆಯಲ್ಲಿ ಉದ್ದನೆಯ ದಂಡವೂ ಹಿಂದಿನ ಗೇರುಪೆಟ್ಟಿಗೆಯೂ ಇರುವುದಿಲ್ಲವಾದ್ದರಿಂದ ತೂಕ ಕಡಿಮೆಯಾಗುತ್ತದೆ, ಕೂರಲು ಜಾಗ ಹೆಚ್ಚುತ್ತದೆ, ಇಂಧನ ಉಳಿಯುತ್ತದೆ. ಅಷ್ಟೇ ಅಲ್ಲ, ಎಂಜಿನ್ನಿನ ಭಾರ ಚಾಲಕ ಚಕ್ರಗಳ ಮೇಲೆಯೇ ಬೀಳುವುದರಿಂದ ಅವುಗಳಿಗೆ ನೆಲದ ಹಿಡಿತ ಚೆನ್ನಾಗಿ ದೊರೆಯುತ್ತದೆ. ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಕೂಡ ಬಹುಕಾಲ ಹಿಂಚಕ್ರ ಚಾಲನೆಯ ವಾಹನವಾಗಿದ್ದು, 2022ರ ಹೈಕ್ರಾಸ್ ಮಾದರಿಯಲ್ಲಿ ಮುಂಚಕ್ರ ಚಾಲನೆಗೆ ಬಂದಿತು.

ನಾಲ್ಕು ಚಕ್ರ ಚಾಲನೆ, ಅಂದರೆ ಜನರ ಬಾಯಲ್ಲಿರುವ ಫೋರ್ ಬೈ ಫೋರ್, ಒಂದೇ ಬಗೆಯದಲ್ಲ. ಜಿಮ್ನಿ, ಥಾರ್‌ಗಳ ಫೋರ್ ಬೈ ಫೋರ್ ಮಾದರಿಗಳಲ್ಲಿ ಸಾಮಾನ್ಯವಾಗಿ ಹಿಂದಿನ ಚಕ್ರಗಳೇ ತಿರುಗುತ್ತಿದ್ದು, ಬೇಕಾದಾಗ ಚಾಲಕನೇ ಲಿವರ್ ಎಳೆದು ಮುಂದಿನ ಚಕ್ರಗಳನ್ನೂ ಜೋಡಿಸಬೇಕಾಗುತ್ತದೆ. ಕಡಿದಾದ ಏರಿಗೂ ಆಳವಾದ ರಾಡಿಗೂ ನೆರವಾಗುವ, ನಿಧಾನವಾಗಿ ಆದರೆ ಹೆಚ್ಚು ಎಳೆತದಿಂದ ಚಲಿಸುವ ಲೋ ಗೇರಿನ ವ್ಯವಸ್ಥೆಯೂ ಇವುಗಳಲ್ಲಿರುತ್ತದೆ. ಆದರೆ ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಕ್ರಮಿಸಬೇಕಾಗಿರುವುದರಿಂದ, ಎರಡನ್ನೂ ಬಿಗಿಯಾಗಿ ಜೋಡಿಸಿಕೊಂಡು ಒಣ ಡಾಂಬರಿನ ಮೇಲೆ ಓಡಿಸಿದರೆ ದಂಡಗಳೂ ಗೇರುಗಳೂ ಬಿಗಿದುಕೊಂಡು ಸವೆಯುತ್ತವೆ. ಇನ್ನೊಂದು ಬಗೆ 2022ರಲ್ಲಿ ಬಂದ ಗ್ರ್ಯಾಂಡ್ ವಿಟಾರಾ, ಹೈರೈಡರ್ ಕಾರುಗಳ ಕೆಲವು ಮಾದರಿಗಳಲ್ಲಿದೆ. ಇವೂ ಬಿಡದಿಯ ಕಾರ್ಖಾನೆಯಲ್ಲೇ ತಯಾರಾಗಲಾರಂಭಿಸಿದವು. ಇವು ಸಾಮಾನ್ಯ ರಸ್ತೆಯಲ್ಲಿ ಮುಂಚಕ್ರ ಚಾಲನೆಯ ಕಾರುಗಳಂತೆಯೇ ಓಡುತ್ತವೆ. ಚಕ್ರ ಜಾರಿದ ಸುಳಿವು ಸಿಕ್ಕೊಡನೆ ವಿದ್ಯುತ್ ನಿಯಂತ್ರಣದ ಕ್ಲಚ್ಚೊಂದು ಬಲದ ಒಂದು ಪಾಲನ್ನು ಹಿಂದಕ್ಕೆ ಕಳಿಸುತ್ತದೆ.

ಎತ್ತರದ ಮೈಕಟ್ಟು ಇದ್ದ ಮಾತ್ರಕ್ಕೆ ವಾಹನಕ್ಕೆ ನಾಲ್ಕು ಚಕ್ರ ಚಾಲನೆ ಇದೆಯೆಂದು ತಿಳಿಯುವಂತಿಲ್ಲ. ಭಾರತದಲ್ಲಿ ಮಾರಾಟವಾಗುವ ಕ್ರೆಟಾ, ಬ್ರೆಝಾ, ನೆಕ್ಸಾನ್‌ಗಳು ನೋಡಲು ಎಸ್‌ಯುವಿಗಳಾದರೂ ಮುಂಚಕ್ರ ಚಾಲನೆಯ ವಾಹನಗಳಾಗಿ ಹೆಸರಾದವು.

ಎರೆ ಮಣ್ಣಿನ ಲೆಕ್ಕ

ಯಾದಗಿರಿ ಜಿಲ್ಲೆಯಲ್ಲಿ ಕೆಂಪು ಮಣ್ಣಿನ ಜೊತೆಗೆ ವಿಸ್ತಾರವಾದ ಎರೆ ಮಣ್ಣಿನ ಹೊಲಗಳಿವೆ. ಎರೆಯಲ್ಲಿರುವ ಜೇಡಿಯ ಕಣಗಳು ನೀರನ್ನು ಹೀರಿ ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಬೇಸಿಗೆಯಲ್ಲಿ ಬಾಯಿಬಿಡುವ ನೆಲವೇ ಮುಂಗಾರು ಬಿದ್ದ ಕೂಡಲೇ ಅಂಟು ರಾಡಿಯಾಗುವುದಕ್ಕೆ ಇದೇ ಕಾರಣ. ಇಂಥ ನೆಲದಲ್ಲಿ ಕಾರು ಮುಂದೆ ಸಾಗುವುದು ಎರಡು ಸಂಗತಿಗಳನ್ನು ಅವಲಂಬಿಸಿರುತ್ತದೆ: ಚಾಲಕ ಚಕ್ರಗಳಿಗೆ ದೊರೆಯುವ ಹಿಡಿತ ಮತ್ತು ಹೂತ ಚಕ್ರವನ್ನು ಮಣ್ಣು ಹಿಂದಕ್ಕೆ ಹಿಡಿದೆಳೆಯುವ ಪ್ರತಿರೋಧ.

ಹಿಡಿತದ ಮಿತಿಯನ್ನು ಅಳೆಯಲು ಚಕ್ರದ ಮೇಲಿನ ಭಾರವನ್ನು ನೆಲದ ಘರ್ಷಣೆಯ ಪ್ರಮಾಣದಿಂದ ಗುಣಿಸಬೇಕು. 1,200 ಕಿಲೋ ತೂಕದ ಕಾರಿನ ಮುಂದಿನ ಚಕ್ರಗಳ ಮೇಲೆ 720 ಕಿಲೋ ಭಾರವಿದ್ದು, ಒದ್ದೆ ಎರೆಯ ಘರ್ಷಣೆಯ ಪ್ರಮಾಣವನ್ನು 0.25 ಎಂದು ಇಟ್ಟುಕೊಂಡರೆ, ಮುಂಚಕ್ರ ಚಾಲನೆಗೆ ಹೆಚ್ಚೆಂದರೆ 180 ಕಿಲೋ ಎಳೆತ ದಕ್ಕುತ್ತದೆ. ನಾಲ್ಕೂ ಚಕ್ರಗಳು ದುಡಿದರೆ ಪೂರ್ಣ ತೂಕದ ಲೆಕ್ಕದಲ್ಲಿ 300 ಕಿಲೋ ದಕ್ಕುತ್ತದೆ. ರಾಡಿಯ ಪ್ರತಿರೋಧ 200 ಕಿಲೋ ಇದ್ದಲ್ಲಿ ಮೊದಲನೆಯ ಕಾರು ನಿಂತಲ್ಲೇ ಚಕ್ರ ತಿರುಗಿಸುತ್ತದೆ, ಎರಡನೆಯದು ದಾಟುತ್ತದೆ. ಪ್ರತಿರೋಧ 320 ಕಿಲೋಗೆ ಏರಿದರೆ ಎರಡೂ ಹೂತುಕೊಳ್ಳುತ್ತವೆ. ಮನೆಮಂದಿಯೆಲ್ಲ ಕೂತು ಡಿಕ್ಕಿಯಲ್ಲಿ ಸಾಮಾನು ತುಂಬಿದಾಗ ಭಾರ ಹಿಂದಕ್ಕೆ ಸರಿಯುವುದರಿಂದ, ಏರಿನಲ್ಲಿ ಮುಂಚಕ್ರ ಚಾಲನೆಯ ಹಿಡಿತ ಇನ್ನಷ್ಟು ತಗ್ಗುತ್ತದೆ ಎಂಬುದನ್ನೂ ಈ ಲೆಕ್ಕಕ್ಕೆ ಸೇರಿಸಬೇಕು.

ಆದರೆ ಎರೆ ಮಣ್ಣು ಈ ಲೆಕ್ಕವನ್ನು ಬೇಗನೆ ಕೆಡಿಸುತ್ತದೆ. ಮಳೆಗಾಲದಲ್ಲಿ ಎರೆ ಹೊಲ ದಾಟುವವರ ಚಪ್ಪಲಿಗೆ ಹೆಜ್ಜೆಹೆಜ್ಜೆಗೂ ಮಣ್ಣು ಮೆತ್ತಿಕೊಂಡು ಭಾರವಾಗುವಂತೆ, ಕಾರಿನ ಟೈರಿನ ಗೀರುಗಳೂ ಕೆಲವೇ ಸುತ್ತಿನಲ್ಲಿ ತುಂಬಿಹೋಗುತ್ತವೆ. ಗೀರು ತುಂಬಿದ ಟೈರು ನುಣ್ಣನೆಯ ಟೈರಿಗಿಂತ ಉತ್ತಮವೇನಲ್ಲ, ನಾಲ್ಕು ಚಕ್ರಗಳು ತಿರುಗಿದರೂ ನಾಲ್ಕೂ ಜಾರುತ್ತವೆ. ಹಿಂದಿನ ಎರಡೇ ಚಕ್ರಗಳಿಂದ ನಡೆಯುವ ಸಾಮಾನ್ಯ ಟ್ರ್ಯಾಕ್ಟರು ಇದೇ ನೆಲದಲ್ಲಿ ದಾಟಿಹೋಗುವುದಕ್ಕೆ ಕಾರಣ ಅದರ ದೊಡ್ಡ ಗಾಲಿ, ಚಾಲಕ ಚಕ್ರಗಳ ಮೇಲಿನ ಭಾರ ಮತ್ತು ಮಣ್ಣನ್ನು ತಾನೇ ಉದುರಿಸಿಕೊಳ್ಳುವಂತೆ ದೂರದೂರ ಇಟ್ಟ ಟೈರಿನ ಹಲ್ಲುಗಳು. ನಾರಾಯಣಪುರ ಎಡದಂಡೆ ಕಾಲುವೆಯ ನೀರುಣ್ಣುವ ಶಹಾಪುರ, ಸುರಪುರ ಭಾಗದ ಭತ್ತದ ಗದ್ದೆಗಳಲ್ಲಿ ಅದಕ್ಕೂ ಕಬ್ಬಿಣದ ಕೇಜ್‌ವೀಲ್ ತೊಡಿಸಬೇಕಾಗುತ್ತದೆ. ಆದ್ದರಿಂದ ರಾಡಿಯ ವಿಷಯದಲ್ಲಿ ಎಷ್ಟು ಚಕ್ರ ತಿರುಗುತ್ತವೆ ಎಂಬುದರ ಜೊತೆಗೆ ಎಂಥ ಟೈರು, ನೆಲದಿಂದ ಎಷ್ಟು ಎತ್ತರ ಎಂಬ ಪ್ರಶ್ನೆಗಳೂ ಅಷ್ಟೇ ಮುಖ್ಯವಾಗುತ್ತವೆ. ಜಿಮ್ನಿಯ ತಳ ನೆಲದಿಂದ 210 ಮಿಲಿಮೀಟರ್ ಎತ್ತರದಲ್ಲಿದೆ. ಅದಕ್ಕಿಂತ ತಗ್ಗಿನ ಕಾರಿನ ಹೊಟ್ಟೆ ಬಂಡಿಜಾಡಿನ ನಡುದಿಬ್ಬಕ್ಕೆ ತಾಗಿ ಕೂತರೆ ಯಾವ ಬಗೆಯ ಚಾಲನೆಯೂ ನೆರವಿಗೆ ಬಾರದು.

ಎಲ್ಲಿ ನೆರವಾಗದು

ನಾಲ್ಕು ಚಕ್ರ ಚಾಲನೆಯ ಬಗ್ಗೆ ಇರುವ ಅತ್ಯಂತ ಅಪಾಯಕಾರಿ ತಪ್ಪುತಿಳಿವಳಿಕೆ ಎಂದರೆ ಅದು ಎಲ್ಲ ಸಂದರ್ಭದಲ್ಲೂ ರಕ್ಷಣೆ ಕೊಡುತ್ತದೆ ಎಂಬುದು. ಬ್ರೇಕು ಎಲ್ಲ ಕಾರುಗಳಲ್ಲೂ ನಾಲ್ಕೂ ಚಕ್ರಗಳಿಗಿರುತ್ತದೆ. ಆದುದರಿಂದ ಹೊರಡುವಾಗ ಸಿಗುವ ಹೆಚ್ಚುವರಿ ಹಿಡಿತ ನಿಲ್ಲಿಸುವಾಗ ಸಿಗುವುದಿಲ್ಲ. ಒದ್ದೆ ಹೆದ್ದಾರಿಯಲ್ಲಿ ಕಾರು ನೆಟ್ಟಗೆ ನಿಲ್ಲುವುದು ಟೈರಿನ ಗೀರುಗಳ ಆಳ, ಚಕ್ರ ಬಿಗಿದುಕೊಳ್ಳದಂತೆ ಕಾಯುವ ಎಬಿಎಸ್ ಮತ್ತು ಅಡ್ಡಜಾರುವ ಕಾರನ್ನು ಹತೋಟಿಗೆ ತರುವ ಇಎಸ್‌ಪಿ ಇವುಗಳಿಂದ. ಗೀರಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾದ ಟೈರನ್ನು ಬದಲಿಸಲೇಬೇಕು. ಮಳೆಗಾಲದ ರಸ್ತೆಗೆ ಅದಕ್ಕೂ ಮೊದಲೇ ಬದಲಿಸುವುದು ಲೇಸು.

ಹರಿಯುವ ನೀರಿನ ಮಾತಂತೂ ಬೇರೆಯೇ. 2019ರ ಆಗಸ್ಟಿನಲ್ಲಿ ಕೃಷ್ಣೆಯೂ 2020ರ ಅಕ್ಟೋಬರಿನಲ್ಲಿ ಭೀಮೆಯೂ ಉಕ್ಕಿದಾಗ ಜಿಲ್ಲೆಯ ನದಿತೀರದ ರಸ್ತೆಗಳು ಮುಳುಗಿದ್ದವು. ಕೃಷ್ಣೆಗೆ ಹೆಚ್ಚು ನೀರು ಬಿಟ್ಟ ವರ್ಷಗಳಲ್ಲಿ ಶಹಾಪುರದಿಂದ ದೇವದುರ್ಗದತ್ತ ಹೋಗುವ ಮಾರ್ಗದ ಕೊಳ್ಳೂರು ಸೇತುವೆಯ ಮೇಲೆ ಸಂಚಾರ ನಿಲ್ಲುವುದು ಈ ಭಾಗದವರಿಗೆ ಪರಿಚಿತ. ಒಂದು ಅಡಿಯಷ್ಟು ಹರಿಯುವ ನೀರು ಸಣ್ಣ ಕಾರನ್ನು ತೇಲಿಸಬಲ್ಲದು, ಎರಡು ಅಡಿಯ ನೀರು ಬಹುಪಾಲು ಎಸ್‌ಯುವಿಗಳನ್ನೂ ಎಳೆದೊಯ್ಯಬಲ್ಲದು. ತೇಲುವ ವಾಹನದ ಚಕ್ರ ನೆಲವನ್ನೇ ಮುಟ್ಟದಿರುವಾಗ ಎಷ್ಟು ಚಕ್ರಗಳಿಗೆ ಬಲ ಹೋಗುತ್ತಿದೆ ಎಂಬುದಕ್ಕೆ ಬೆಲೆಯೇ ಇಲ್ಲ.

ವೆಚ್ಚ ಮತ್ತು ಆಯ್ಕೆ

ಗ್ರ್ಯಾಂಡ್ ವಿಟಾರಾ ಬಿಡುಗಡೆಯಾದಾಗ ಒಂದೇ ದರ್ಜೆಯ ಮ್ಯಾನ್ಯುಯಲ್ ಗೇರಿನ ಎರಡು ಮಾದರಿಗಳ ನಡುವೆ, ನಾಲ್ಕು ಚಕ್ರ ಚಾಲನೆಯೊಂದಕ್ಕೇ ಶೋರೂಮ್ ಬೆಲೆಯಲ್ಲಿ ಸುಮಾರು ಒಂದೂವರೆ ಲಕ್ಷ ರೂಪಾಯಿ ಅಂತರವಿತ್ತು. ಅಧಿಕೃತ ಪರೀಕ್ಷೆಯ ಮೈಲೇಜು ಮುಂಚಕ್ರ ಚಾಲನೆಗೆ ಲೀಟರಿಗೆ 21.11 ಕಿಲೋಮೀಟರ್, ನಾಲ್ಕು ಚಕ್ರ ಚಾಲನೆಗೆ 19.38. ವರ್ಷಕ್ಕೆ 15,000 ಕಿಲೋಮೀಟರ್ ಓಡುವ ಮನೆಗೆ ಇದು ಸುಮಾರು 63 ಲೀಟರ್ ಪೆಟ್ರೋಲಿನ ವ್ಯತ್ಯಾಸ. ಲೀಟರಿಗೆ ನೂರು ರೂಪಾಯಿ ಎಂದು ಹಿಡಿದರೆ 6,300 ರೂಪಾಯಿ. ಹಿಂದಿನ ಗೇರುಪೆಟ್ಟಿಗೆಯ ಎಣ್ಣೆ ಬದಲಿಸುವ ಕೆಲಸ ಹೆಚ್ಚುತ್ತದೆ. ನಾಲ್ಕೂ ಟೈರುಗಳು ಒಂದೇ ಅಳತೆಯವಾಗಿ, ಒಂದೇ ಪ್ರಮಾಣದಲ್ಲಿ ಸವೆದಿರುವಂತೆ ನೋಡಿಕೊಳ್ಳುವ ಎಚ್ಚರವೂ ಬೇಕಾಗುತ್ತದೆ.

ರಾಮಸಮುದ್ರದಂಥ ಊರಿನ ಒಕ್ಕಲು ಮನೆಯಲ್ಲಿ ಕೆಲಸಗಳು ಮೊದಲೇ ಹಂಚಿಹೋಗಿರುವುದು ಸಾಮಾನ್ಯ: ಹೊಲದ ಹೊರೆಗೆ ಟ್ರ್ಯಾಕ್ಟರು, ಹೊಲ ನೋಡಿ ಬರಲು ಬೈಕು, ಯಾದಗಿರಿಯ ಆಸ್ಪತ್ರೆಗೆ, ಕಲಬುರಗಿಯ ಕಾಲೇಜಿಗೆ, ಬೀಗರ ಮದುವೆಗೆ ಕಾರು. ಇಂಥ ಮನೆಗೆ, ಕಾರು ಓಡುವ ದಾರಿಯೆಲ್ಲ ಡಾಂಬರಿನದೋ ಸಿಮೆಂಟಿನದೋ ಆಗಿರುವವರೆಗೆ, ನೆಲದಿಂದ ಸಾಕಷ್ಟು ಎತ್ತರವಿರುವ, ಇಎಸ್‌ಪಿ ಉಳ್ಳ, ಒಳ್ಳೆಯ ಟೈರಿನ ಮುಂಚಕ್ರ ಚಾಲನೆಯ ಕಾರೇ ತಕ್ಕದ್ದು. ಉಳಿದ ಒಂದೂವರೆ ಲಕ್ಷದಲ್ಲಿ ಹಲವು ವರ್ಷಗಳ ಟೈರು, ಸರ್ವಿಸು, ವಿಮೆಯ ಖರ್ಚು ಹೋಗುತ್ತದೆ. ಹೊಲದ ಮನೆಯಲ್ಲೇ ವಾಸವಿದ್ದು ಮಳೆಗಾಲವಿಡೀ ಎರೆ ದಾರಿಯಲ್ಲಿ ಮಕ್ಕಳನ್ನು ಶಾಲೆಗೆ ಬಿಡಬೇಕಾದವರಿಗೆ ನಾಲ್ಕು ಚಕ್ರ ಚಾಲನೆ ಅಗತ್ಯವೇ. ಆದರೆ ಅವರು ರಾಡಿಗೆ ಒಗ್ಗುವ ಟೈರಿಗೂ ಹಣ ತೆಗೆದಿಡಬೇಕು, ಅದಿಲ್ಲದೆ ಮೊದಲ ಖರ್ಚು ವ್ಯರ್ಥ. ಕೊಳ್ಳುವ ಮುನ್ನ ಮನೆಯವರು ಕೇಳಿಕೊಳ್ಳಬೇಕಾದದ್ದು ಇಷ್ಟೇ: ಕಳೆದ ಮಳೆಗಾಲದಲ್ಲಿ ದಾರಿಯ ರಾಡಿಯಿಂದಾಗಿ ಎಷ್ಟು ಪ್ರಯಾಣಗಳು ನಿಂತವು? ಒಂದೆರಡು ಎಂದಾದರೆ ಆ ದಿನ ಕಾರನ್ನು ಊರ ರಸ್ತೆಯಲ್ಲೇ ನಿಲ್ಲಿಸಿ ನಡೆದರೆ ಸಾಕು. ವಾರಕ್ಕೊಮ್ಮೆಯಾದರೂ ಎಂದಾದರೆ ಮಾತ್ರ ಆ ಒಂದೂವರೆ ಲಕ್ಷಕ್ಕೆ ನ್ಯಾಯ ಸಿಕ್ಕೀತು.